ಭಾನುವಾರದ ಲೆಕ್ಕ

ವರ್ಷಕ್ಕೆ ಐವತ್ತೆರಡು ಭಾನುವಾರ. ಎದುರಾಳಿಗಳು ಅಂದು ಹಾಸಿಗೆಯಲ್ಲಿರುತ್ತಾರೆ. ನಾವು ನೀರಿನಲ್ಲಿದ್ದರೆ ವರ್ಷಕ್ಕೆ 52 ದಿನ ಮುಂದೆ. ಬಾಲ್ಟಿಮೋರ್‌ನ ಈಜು ಕೋಚ್ ಬಾಬ್ ಬೋಮನ್ ತಮ್ಮ ಕೈಗೆ ಸಿಕ್ಕ ಹುಡುಗನೊಬ್ಬನ ಮುಂದಿಟ್ಟ ಲೆಕ್ಕ ಇದು. ಹುಡುಗ ಮೈಕಲ್ ಫೆಲ್ಪ್ಸ್ ಒಪ್ಪಿಕೊಂಡ. ಹದಿಹರೆಯದ ಐದಾರು ವರ್ಷ, ಹಬ್ಬವೆನ್ನದೆ ಹರಿದಿನವೆನ್ನದೆ, ಹೆಚ್ಚುಕಡಿಮೆ ಪ್ರತಿದಿನವೂ ಕೊಳಕ್ಕಿಳಿದ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಿಂದ ಎಂಟು ಚಿನ್ನ ಕೊರಳಿಗೆ ಹಾಕಿಕೊಂಡು ಬಂದ ಮೇಲೆ ಆ ಲೆಕ್ಕ ಈಜುಕೊಳಗಳಲ್ಲೆಲ್ಲ ಮಗ್ಗಿಯಂತೆ ಬಾಯಿಪಾಠವಾಯಿತು.

ಕೂಡಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ಭಾನುವಾರದ ಬೆಲೆ ಸೊನ್ನೆ ಎಂದು ಹಿಡಿದರಲ್ಲ, ಅದರ ಬಗ್ಗೆ ಇದೆ.

ಉತ್ತುಂಗದ ದಿನಗಳಲ್ಲಿ ಫೆಲ್ಪ್ಸ್ ವಾರಕ್ಕೆ ಸುಮಾರು 80 ಕಿಲೋಮೀಟರ್ ಈಜುತ್ತಿದ್ದ ಎಂಬ ಮಾತು ಪ್ರಸಿದ್ಧ. ಐವತ್ತು ಮೀಟರ್ ಕೊಳದಲ್ಲಿ ಅದು 1,600 ಉದ್ದ. ನೂರು ಮೀಟರಿಗೆ ಸರಾಸರಿ 75 ಸೆಕೆಂಡ್ ಎಂದುಕೊಂಡರೂ, ನಡುವಿನ ಬಿಡುವನ್ನು ಬಿಟ್ಟು, ಕೈಕಾಲು ಆಡುವ ಹೊತ್ತೇ ಹದಿನಾರೂವರೆ ಗಂಟೆ ಮೀರುತ್ತದೆ. ಓಟಗಾರನೊಬ್ಬ ಇಷ್ಟು ಹೊತ್ತು ಡಾಂಬರಿನ ಮೇಲೆ ಓಡಿದರೆ ಮೊಣಕಾಲು, ಹಿಮ್ಮಡಿ ಎರಡೂ ಕೈಕೊಡುತ್ತವೆ. ಈಜುಗಾರನಿಗೆ ಯಾಕೆ ಆಗುವುದಿಲ್ಲ?

ಅರ್ಧ ಉತ್ತರ ನೀರಿನಲ್ಲೇ ಇದೆ. ನೀರು ಮೈಭಾರವನ್ನು ಹೊರುತ್ತದೆ. ಓಟದಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿಯಬೇಕು. ಸ್ನಾಯುವಿನ ಎಳೆಗಳನ್ನು ಹೆಚ್ಚಾಗಿ ಹರಿಯುವುದು ಆ ಕೆಲಸವೇ. ಈಜಿನಲ್ಲಿ ಅದು ತೀರಾ ಕಡಿಮೆ. ಹಾಗಾಗಿ ಬೆಳಿಗ್ಗೆ ದಣಿದವನು ಸಂಜೆ ಮತ್ತೆ ಇಳಿಯಬಲ್ಲ. ಇನ್ನರ್ಧ ಉತ್ತರವನ್ನು ಜಾಹೀರಾತುಗಳು ಹೇಳುವುದಿಲ್ಲ: ಆ ಕಿಲೋಮೀಟರುಗಳಲ್ಲಿ ಬಹುಪಾಲು ನಿಧಾನದವು. ವಾರ್ಮ್ ಅಪ್, ಕಿಕ್ ಬೋರ್ಡ್ ಹಿಡಿದ ಸೆಟ್, ತಂತ್ರ ತಿದ್ದುವ ಡ್ರಿಲ್, ಕೊನೆಗೆ ಮೈ ಸಡಿಲಿಸುವ ಈಜು. ಉಸಿರು ಕಟ್ಟುವಂಥ ವೇಗದ ಸೆಟ್‌ಗಳು ಅಳತೆ ನೋಡಿ ಇಟ್ಟವು. ಒಟ್ಟು ಮೊತ್ತ ನಮ್ಮ ಕಣ್ಣು ಕುಕ್ಕುತ್ತದೆ, ಒಳಗಿನ ವಿಂಗಡಣೆ ಕಾಣುವುದಿಲ್ಲ. ಅಡುಗೆಗೆ ಎಷ್ಟು ಸಾಮಾನು ಬಿತ್ತು ಎಂದು ತೂಗಿ ರುಚಿ ಹೇಳಿದ ಹಾಗೆ.

ಆದರೆ ಭುಜಕ್ಕೆ ಈ ರಿಯಾಯಿತಿ ಇಲ್ಲ. ವಾರಕ್ಕೆ ಸಾವಿರಾರು ಬಾರಿ ತಲೆಯ ಮೇಲಿಂದ ಸುತ್ತುವ ಕೀಲು ಅದು. ಅಲ್ಲಿಯ ನೋವು ಎಷ್ಟು ಸಾಮಾನ್ಯವೆಂದರೆ ವೈದ್ಯರು 1970ರ ದಶಕದಲ್ಲೇ ಅದಕ್ಕೆ ‘ಈಜುಗಾರರ ಭುಜ’ ಎಂದು ಹೆಸರಿಟ್ಟರು.

ಹೆಚ್ಚು ಈಜಿದವನೇ ಗಟ್ಟಿಗ ಎಂಬ ನಂಬಿಕೆಗೆ ಪೆಟ್ಟು ಕೊಟ್ಟವರಲ್ಲೊಬ್ಬರು ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕಾಸ್ಟಿಲ್. 1988ರಲ್ಲಿ ಅವರ ತಂಡ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಹನ್ನೆರಡು ಕಾಲೇಜು ಈಜುಗಾರರು. ದಿನಕ್ಕೆ 4,266 ಮೀಟರ್ ಈಜುತ್ತಿದ್ದವರಿಗೆ ಹತ್ತು ದಿನ ಸರಾಸರಿ 8,970 ಮೀಟರ್ ಹೊರಿಸಿದರು, ವೇಗವನ್ನು ಇಳಿಸದೆ. ಎಂಟು ಮಂದಿ ತಡೆದುಕೊಂಡರು. ನಾಲ್ವರು ಹಿಂದೆ ಬಿದ್ದರು, ನಿಧಾನಕ್ಕೆ ಈಜದೆ ವಿಧಿಯಿರಲಿಲ್ಲ. ಆ ನಾಲ್ವರಿಗೆ ಛಲ ಸಾಲದು ಎಂದು ಯಾವ ಕೋಚ್ ಆದರೂ ಹೇಳಿಬಿಡುತ್ತಿದ್ದ. ಸ್ನಾಯುವಿನ ಚೂರು ತೆಗೆದು ನೋಡಿದರೆ ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಳ್ಳುವ ಇಂಧನ, ಕಡಿಮೆ. ಏನು ತಿಂದಿರಿ ಎಂದು ಕೇಳಿದರೆ, ಆ ದುಡಿಮೆಗೆ ತಕ್ಕ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬಿದ್ದೇ ಇಲ್ಲ. ಕೆಲಸ ದುಪ್ಪಟ್ಟಾಗಿತ್ತು, ಊಟ ದುಪ್ಪಟ್ಟಾಗಿರಲಿಲ್ಲ. ಫೆಲ್ಪ್ಸ್ ದಿನಕ್ಕೆ 12,000 ಕ್ಯಾಲರಿ ತಿನ್ನುತ್ತಾನೆ ಎಂಬ ಕಥೆ ಹಬ್ಬಿದ್ದು ನೆನಪಿದೆಯೇ? ಅದು ಸುಳ್ಳು ಎಂದು ಅವನೇ ಹೇಳಿದ್ದಾನೆ. ಆದರೆ ಆ ಉತ್ಪ್ರೇಕ್ಷೆಯ ಒಳಗೊಂದು ನಿಜವಿದೆ. ಮೇಲ್ಮಟ್ಟದ ಈಜುಗಾರನಿಗೆ ಊಟದ ತಟ್ಟೆಯೂ ತಾಲೀಮಿನ ಭಾಗ, ಹಸಿವಿಲ್ಲದಿದ್ದರೂ ಮುಗಿಸಬೇಕಾದ ಸೆಟ್.

ಕಾಸ್ಟಿಲ್ ತಂಡ 1991ರಲ್ಲಿ ಇನ್ನೊಂದು ಪ್ರಶ್ನೆ ಎತ್ತಿತು. ಒಂದು ಗುಂಪಿಗೆ ದಿನಕ್ಕೊಮ್ಮೆ ಒಂದೂವರೆ ಗಂಟೆ, ಇನ್ನೊಂದಕ್ಕೆ ಆರು ವಾರ ದಿನಕ್ಕೆರಡು ಸಲ ಅಷ್ಟೇ ಹೊತ್ತು. ಎರಡು ಹೊತ್ತು ಈಜಿದವರಿಗೆ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ಬದಲಿಗೆ ಅವರ ಸ್ಪ್ರಿಂಟ್ ವೇಗ ಕುಸಿಯಿತು. ಐವತ್ತು, ನೂರು ಮೀಟರ್ ಸ್ಪರ್ಧೆ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಅದಕ್ಕೆ ದಿನಕ್ಕೆ ನಾಲ್ಕು ಗಂಟೆ ಯಾಕೆ ಎಂದು ಆಗಿನಿಂದಲೂ ಕೇಳುತ್ತಲೇ ಇದ್ದಾರೆ.

ಆರು ವಾರದ ಪ್ರಯೋಗ ಹತ್ತು ವರ್ಷದ ಸಾಧನೆಯನ್ನು ಅಳೆಯಲಾರದು ಎಂಬ ಕೋಚ್‌ಗಳ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಬೀಜಿಂಗ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಫೆಲ್ಪ್ಸ್‌ನ ಕನ್ನಡಕದೊಳಗೆ ನೀರು ತುಂಬಿತು. ಗೋಡೆ ಕಾಣದೆ, ಕೈಬೀಸುಗಳನ್ನು ಎಣಿಸಿಕೊಂಡು ಈಜಿ, 1:52.03ರ ವಿಶ್ವದಾಖಲೆ ಮಾಡಿದ. ಒಂದು ಉದ್ದಕ್ಕೆ ಎಷ್ಟು ಬೀಸು ಎಂಬುದು ಮೈಯೊಳಗೆ ಇಳಿಯಬೇಕಾದರೆ ಲೆಕ್ಕವಿಲ್ಲದಷ್ಟು ಬೆಳಗುಗಳು ಬೇಕು. ಬೀಜಿಂಗ್ ಮುಗಿದ ಮೇಲೆ ಅವನ ತಾಲೀಮು ಸಡಿಲವಾಯಿತು. 2012ರ ಲಂಡನ್‌ನಲ್ಲಿ ಮೊದಲ ಸ್ಪರ್ಧೆ, 400 ಮೀಟರ್ ಮೆಡ್ಲೆಯಲ್ಲಿ, ನಾಲ್ಕನೆಯವನಾದ. ನಾಲ್ಕೂ ಶೈಲಿ ಬೇಡುವ ಆ ದೂರಕ್ಕೆ ಬುನಾದಿ ಇಲ್ಲದೆ ಗತಿಯಿಲ್ಲ. ಎದುರು ದಾರಿ ಹಿಡಿದ ಮೈಕಲ್ ಆಂಡ್ರ್ಯೂ ಕೂಡ ಇದಕ್ಕೇ ಸಾಕ್ಷಿ. ಅಪ್ಪನೇ ಕೋಚ್, ಬ್ರೆಂಟ್ ರಶಾಲ್ ಎಂಬ ಪ್ರಾಧ್ಯಾಪಕರು ಪ್ರತಿಪಾದಿಸಿದ, ಸ್ಪರ್ಧೆಯ ವೇಗದಲ್ಲೇ ಚಿಕ್ಕಚಿಕ್ಕ ದೂರ ಈಜುವ ಪದ್ಧತಿಯಲ್ಲಿ ಬೆಳೆದ. ಟೋಕಿಯೊದ 200 ಮೀಟರ್ ಮೆಡ್ಲೆ ಫೈನಲ್‌ನಲ್ಲಿ 150 ಮೀಟರ್‌ವರೆಗೂ ಅವನದೇ ಮುನ್ನಡೆ. ಕೊನೆಯ ಐವತ್ತರಲ್ಲಿ ಕೈ ಸೋತು ಐದನೆಯವನಾದ. ಒಂದು ಸ್ಪರ್ಧೆಯಿಂದ ಒಂದು ಪದ್ಧತಿಗೇ ತೀರ್ಪು ಕೊಡಬಾರದು, ನಿಜ. ಆದರೂ ಆ ಕೊನೆಯ ಉದ್ದವನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾದರೆ ಭಾನುವಾರದ ಬೆಲೆ ಎಷ್ಟು? ಅದು ಕಾಣುವುದು ಟೇಪರ್‌ನಲ್ಲಿ, ಅಂದರೆ ದೊಡ್ಡ ಕೂಟದ ಮುಂಚಿನ ಎರಡು-ಮೂರು ವಾರ ಈಜುವ ದೂರವನ್ನು ಅರ್ಧದಷ್ಟು ಇಳಿಸಿ, ವೇಗವನ್ನು ಮಾತ್ರ ಉಳಿಸಿಕೊಳ್ಳುವ ರೂಢಿಯಲ್ಲಿ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೊರಟ ಈಜುಗಾರರನ್ನು ಇನಿಗೋ ಮುಹಿಕಾ ಮತ್ತು ಸಂಗಡಿಗರು ಗಮನಿಸಿದಾಗ, ಆ ಕೊನೆಯ ಮೂರು ವಾರದಲ್ಲಿ ಸರಾಸರಿ 2.18 ಶೇಕಡಾ ಸುಧಾರಣೆ ಕಂಡಿತು. ನಾಲ್ಕು ನಿಮಿಷದ ಸ್ಪರ್ಧೆಗೆ ಅದು ಐದು ಸೆಕೆಂಡಿಗೂ ಹೆಚ್ಚು. ಚಿನ್ನಕ್ಕೂ ಎಂಟನೇ ಸ್ಥಾನಕ್ಕೂ ನಡುವೆ ಕೆಲವೊಮ್ಮೆ ಅಷ್ಟು ಅಂತರವೂ ಇರುವುದಿಲ್ಲ. ಶಕ್ತಿ ಮೊದಲೇ ಮೈಯಲ್ಲಿತ್ತು, ದಣಿವು ಅದನ್ನು ಮುಚ್ಚಿಟ್ಟಿತ್ತು. ಬಿಡುವು ಕೊಟ್ಟಾಗ ಮೇಲೆ ಬಂತು.

ಅತಿ ತಾಲೀಮು ಎಂಬ ಪದವನ್ನು ನಾವು ಸಲೀಸಾಗಿ ಬಳಸುತ್ತೇವೆ. ಯುರೋಪ್ ಮತ್ತು ಅಮೆರಿಕದ ಕ್ರೀಡಾವಿಜ್ಞಾನ ಸಂಸ್ಥೆಗಳು 2013ರಲ್ಲಿ ಜಂಟಿಯಾಗಿ ಹೇಳಿದಂತೆ ಅದಕ್ಕೆ ಮೆಟ್ಟಿಲುಗಳಿವೆ. ಕೆಲವು ದಿನ ಕುಗ್ಗಿ, ವಿಶ್ರಾಂತಿಯ ಬಳಿಕ ಮೊದಲಿಗಿಂತ ಚುರುಕಾಗುವುದು ಬೇಕಾದದ್ದೇ. ವಾರಗಟ್ಟಲೆ ಕುಗ್ಗಿ ಲಾಭವೇನೂ ಸಿಗದಿರುವುದು ನಷ್ಟದ ವ್ಯಾಪಾರ. ತಿಂಗಳುಗಟ್ಟಲೆ ಏಳಲಾಗದಿರುವುದು ಕಾಯಿಲೆ. ಅದನ್ನು ಖಚಿತವಾಗಿ ಹಿಡಿದುಕೊಡುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ವಿಲಿಯಂ ಮಾರ್ಗನ್ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹತ್ತು ವರ್ಷ ಈಜುಗಾರರಿಗೆ ಪ್ರಶ್ನಾವಳಿ ಕೊಟ್ಟು, ಹೊರೆ ಏರಿದಂತೆ ಮನಸ್ಸು ಕದಡುವುದನ್ನೂ ಇಳಿಸಿದಾಗ ತಿಳಿಯಾಗುವುದನ್ನೂ ಕಂಡರು. ಆಸ್ಟ್ರೇಲಿಯಾದಲ್ಲಿ ಸೂ ಹೂಪರ್ ಮತ್ತು ಲಾರೆಲ್ ಮ್ಯಾಕಿನನ್ ಕೇಳಿದ್ದು ಇನ್ನೂ ಸರಳ: ನಿದ್ದೆ ಹೇಗಿತ್ತು, ದಣಿವು ಎಷ್ಟಿದೆ, ಒತ್ತಡ ಇದೆಯೇ, ಸ್ನಾಯು ನೋಯುತ್ತಿದೆಯೇ. ಕೋಟ್ಯಂತರ ರೂಪಾಯಿಯ ಯಂತ್ರಗಳಿಗಿಂತ ಈ ನಾಲ್ಕು ಪ್ರಶ್ನೆಗಳು ಮೊದಲು ಸುಳಿವು ಕೊಡುತ್ತವೆ ಎಂಬುದು ನನಗೆ ತಮಾಷೆಯಾಗಿಯೂ ಸಮಾಧಾನವಾಗಿಯೂ ಕಾಣುತ್ತದೆ. ರಿಯೊದಲ್ಲಿ ಫೆಲ್ಪ್ಸ್‌ನ ಭುಜದ ಮೇಲೆ ಜಗತ್ತೆಲ್ಲ ನೋಡಿದ ಕಪ್ಪಿಂಗ್‌ನ ಕೆಂಪು ವೃತ್ತಗಳಿಗೆ ಇದರ ಕಾಲು ಭಾಗ ಪುರಾವೆಯೂ ಇಲ್ಲ. ಚಿತ್ರಕ್ಕೆ ಮಾತ್ರ ಚೆನ್ನಾಗಿದ್ದವು.

ಫೆಲ್ಪ್ಸ್ ತಡೆದುಕೊಂಡ, ಆದ್ದರಿಂದ ಪದ್ಧತಿ ಸರಿ ಎನ್ನುವವರು ಜರಡಿಯ ಮೇಲೆ ಉಳಿದ ಕಾಳನ್ನು ತೋರಿಸಿ, ಜರಡಿಯೇ ಇದನ್ನು ಬೆಳೆಯಿತು ಎನ್ನುತ್ತಿದ್ದಾರೆ. ಕೆಳಗೆ ಬಿದ್ದವರನ್ನು ಎಣಿಸಿದವರಿಲ್ಲ. ಉಳಿದ ಕಾಳಿನ ಕಥೆಯೂ ಪೂರ್ತಿ ಸಿಹಿಯಲ್ಲ. ಪದಕಗಳ ನಡುವೆ ಖಿನ್ನತೆ ತನ್ನನ್ನು ಎಲ್ಲಿಗೆ ಒಯ್ದಿತ್ತೆಂದು ಅವನೇ ಬಿಚ್ಚಿ ಹೇಳಿದ್ದಾನೆ. ಅಮೆರಿಕದ ಈಜುಗಾರ ಕೇಲೆಬ್ ಡ್ರೆಸೆಲ್ 2022ರ ವಿಶ್ವ ಚಾಂಪಿಯನ್‌ಷಿಪ್‌ನಿಂದ ನಡುವೆಯೇ ಹೊರನಡೆದ, 2023ರಲ್ಲಿ ಬ್ರಿಟನ್ನಿನ ಆ್ಯಡಂ ಪೀಟಿ ವಿರಾಮ ಕೇಳಿದ. ಇಬ್ಬರೂ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮರಳಿದರು. ಅದೇ ಬೋಮನ್ ಪಳಗಿಸಿದ ಲಿಯೋನ್ ಮಾರ್ಷಾನ್, 2023ರಲ್ಲಿ ಫೆಲ್ಪ್ಸ್‌ನ 400 ಮೆಡ್ಲೆ ದಾಖಲೆಯನ್ನು 4:02.50ಕ್ಕೆ ಇಳಿಸಿದವನು, ಪ್ಯಾರಿಸ್‌ನಲ್ಲಿ ನಾಲ್ಕು ವೈಯಕ್ತಿಕ ಚಿನ್ನದ ಬಳಿಕ 2025ರ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದಾಗ ವೈಯಕ್ತಿಕವಾಗಿ ಇಳಿದದ್ದು ಎರಡೇ ಸ್ಪರ್ಧೆಗೆ. ಎರಡನ್ನೂ ಗೆದ್ದ. ಅಮೆರಿಕದ ಈಜುಗಾರ್ತಿ ಕೇಟಿ ಲೆಡೆಕಿ 2016ರಲ್ಲಿ ಬರೆದ ತನ್ನ 800 ಮೀಟರ್ ದಾಖಲೆಯನ್ನು 28ನೇ ವಯಸ್ಸಿನಲ್ಲಿ 8:04.12ಕ್ಕೆ ತಂದಳು. ಅವಳು ಒಂಬತ್ತು ವರ್ಷ ಮುರಿಯದೆ ಉಳಿದದ್ದೇ ನನ್ನ ಕಣ್ಣಿಗೆ ಆ ದಾಖಲೆಗಿಂತ ದೊಡ್ಡದು.

ಬೆಂಗಳೂರಿಗೂ ಆ ಭಾನುವಾರದ ಮಗ್ಗಿ ಬಂದಿದೆ. ಈಜುಗಾರ ಶ್ರೀಹರಿ ನಟರಾಜ್, ಹದಿನಾಲ್ಕರ ಹರೆಯದಲ್ಲಿ ಪ್ಯಾರಿಸ್‌ಗೆ ಹೋದ ಧಿನಿಧಿ ದೇಸಿಂಗು ಇವರ ಊರಿದು. ಅಪ್ಪ ಅಮ್ಮಂದಿರ ಆಸೆ ಸಹಜ. ನನ್ನ ಮಗಳನ್ನು ಕರೆದುಕೊಂಡು ಕೊಳವೊಂದಕ್ಕೆ ಹೋಗುತ್ತಿದ್ದ ದಿನಗಳಲ್ಲಿ ಬೆಳಗಿನ ಐದೂವರೆಗೆ ಗ್ಯಾಲರಿಯಲ್ಲಿ ಕುಳಿತ ತಂದೆಯರು ಮಾತಾಡುತ್ತಿದ್ದುದು ಮೀಟರುಗಳಲ್ಲೇ. “ನಮ್ಮವನು ನಿನ್ನೆ ಐದು ಸಾವಿರ ಹೊಡೆದ ಸಾರ್.” ಬೋರ್ಡಿನ ಮೇಲೆ ಸೆಟ್‌ಗಳಿದ್ದವು, ಸಮಯಗಳಿದ್ದವು. ಒಂದು ಭಾನುವಾರ ಹನ್ನೆರಡರ ಹುಡುಗನೊಬ್ಬ ಭುಜ ಒತ್ತಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕುಳಿತಿದ್ದ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದೆ ಕಂದ ಎಂದು ಕೇಳಿದ್ದು ಕ್ಯಾಂಟೀನಿನಲ್ಲಿ ಇಡ್ಲಿ ಕೊಡುತ್ತಿದ್ದ ಆಂಟಿ ಒಬ್ಬರೇ. ಟ್ಯೂಷನ್ ಹೋಂವರ್ಕ್ ಇತ್ತು, ಹನ್ನೊಂದೂವರೆ ಆಯ್ತು ಎಂದ.