ಪೂರ್ತಿ ಆನೆ ಕಂಡವರು ಯಾರು?

ಚೆನ್ನೈಗೆ ಬಂದ ಹೊಸದರಲ್ಲಿ ಆಫೀಸಿನ ಊಟದ ಹೊತ್ತಿಗೆ ನಾನು ಹೇಳುತ್ತಿದ್ದ ಮಾತೊಂದಿತ್ತು: "ಎಲ್ಲ ಧರ್ಮವೂ ಒಂದೇ ಕಣ್ರೀ, ನಾನು ಯಾವ ಕಡೆಯೂ ಇಲ್ಲ." "ಹಾಗಾದ್ರೆ ನನ್ನ ಮಾತು ಕೇಳೋ ಅಗತ್ಯವೇ ನಿಮಗಿಲ್ಲ" ಅಂದರು ಕ್ರೈಸ್ತ ಗೆಳೆಯರೊಬ್ಬರು. ಸಿಟ್ಟು ಬಂತು. ಅವರೇ ಓದಲು ಕೊಟ್ಟದ್ದು ಲೆಸ್ಲಿ ನ್ಯೂಬಿಗಿನ್ ಅವರ 'ದಿ ಗಾಸ್ಪೆಲ್ ಇನ್ ಎ ಪ್ಲೂರಲಿಸ್ಟ್ ಸೊಸೈಟಿ' (1989). ನ್ಯೂಬಿಗಿನ್ 1965ರಿಂದ 1974ರವರೆಗೆ ಇದೇ ಮದ್ರಾಸಿನಲ್ಲಿ ಬಿಷಪ್ ಆಗಿದ್ದವರು.

ಕುರುಡರು ಆನೆ ಮುಟ್ಟಿದ ಕಥೆಯನ್ನು ಅವರು ತಿರುಗಿಸಿ ನೋಡುತ್ತಾರೆ. ಕುರುಡರಿಗೆ ಸಿಕ್ಕಿದ್ದು ಒಂದೊಂದು ಭಾಗ ಎಂದು ಹೇಳಬೇಕಾದರೆ, ಹೇಳುವವನು ಪೂರ್ತಿ ಆನೆಯನ್ನು ಕಂಡಿರಬೇಕಲ್ಲ? 'ಎಲ್ಲವೂ ಒಂದೇ' ಎನ್ನುವುದು ವಿನಯವಲ್ಲ, ಅದೂ ಒಂದು ನಂಬಿಕೆಯೇ.

ಈ ವಾದ ಗಟ್ಟಿ. ಆದರೆ ತಟಸ್ಥರು ಯಾರೂ ಇಲ್ಲವೆಂದ ಮಾತ್ರಕ್ಕೆ ಕ್ರೈಸ್ತ ನಂಬಿಕೆ ನಿಜವೆಂದು ಸಾಬೀತಾಗುವುದಿಲ್ಲ. ಹೊರಗಿನ ಅಳತೆಗೋಲಿನಿಂದ ಅದನ್ನು ಸಾಬೀತು ಮಾಡಲು ಲೇಖಕರೂ ಹೊರಡುವುದಿಲ್ಲ. ತಟಸ್ಥನಲ್ಲದವನೂ ನ್ಯಾಯವಾಗಿ ನಡೆಯಬಲ್ಲ. ಬಾಡಿಗೆ ಮನೆಗೆ ಅಲೆಯುವಾಗ ನಮಗೆ ಬೇಕಾಗಿದ್ದದ್ದು ನಂಬಿಕೆಯೇ ಇಲ್ಲದ ಮಾಲೀಕನಲ್ಲ; ಜಾತಿ, ಧರ್ಮ ಕೇಳದೆ ಬೀಗದಕೈ ಕೊಡುವವನು.

ಈಗ ಊಟದ ಹೊತ್ತಿಗೆ ಆ ಹಳೇ ಮಾತು ಆಡೋದಿಲ್ಲ. ನನ್ನ ನಂಬಿಕೆ ಇಂಥದ್ದು ಅಂತ ಹೇಳಿ, ಆಮೇಲೆ ಅವರದ್ದು ಕೇಳ್ತೇನೆ. ವಾದ ಮುಗಿದಿಲ್ಲ.