ಕಂಬ ತಳ ಮುಟ್ಟುವ ಗಳಿಗೆ

ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ಮೆಟ್ರೊ ಕಂಬಗಳ ಕೆಳಗೆ ದಿನವೂ ಓಡಾಡುವವರು ತಲೆಯೆತ್ತಿ ಮೇಲೆ ನೋಡುವುದು ಮಳೆ ಹನಿದಾಗ ಮಾತ್ರ. ಅವರದೇ ಮನೆಯ ಮಕ್ಕಳು ರಾತ್ರಿ ಕಂಪ್ಯೂಟರ್ ಮುಂದೆ ಕೂತು, ಇಲ್ಲದ ಹೊಳೆಗೆ ಇಲ್ಲದ ಮರದಿಂದ ಸೇತುವೆ ಕಟ್ಟಲು ಗಂಟೆಗಟ್ಟಲೆ ಒದ್ದಾಡುತ್ತಾರೆ. ಈ ಕೈಪಿಡಿ ಆಡುವವರಿಗಲ್ಲ. ‘ಇನ್ನೂ ಮಲಗಿಲ್ವಾ’ ಎಂದು ಗದರಲು ಬಂದು, ಕುರ್ಚಿಯ ಹಿಂದೆಯೇ ನಿಂತುಬಿಡುವವರಿಗೆ.

ಆ ಪರದೆಯ ಮೇಲಿರುವುದು ‘ವಾಲ್‌ಹೈಮ್’ ಎಂದಿಟ್ಟುಕೊಳ್ಳೋಣ. ಸ್ವೀಡನ್ನಿನ ಐರನ್ ಗೇಟ್ ಎಂಬ ಪುಟ್ಟ ತಂಡ 2021ರ ಫೆಬ್ರುವರಿಯಲ್ಲಿ ಹೊರತಂದ ಆಟ ಅದು. ವೈಕಿಂಗರ ಪರಲೋಕಕ್ಕೆ ಬರಿಗೈಯಲ್ಲಿ ಬಂದಿಳಿಯುವ ಆಟಗಾರ ಮರ ಕಡಿಯಬೇಕು, ಸೂರು ಕಟ್ಟಿಕೊಳ್ಳಬೇಕು, ಬದುಕಿ ಉಳಿಯಬೇಕು. ಸುತ್ತಿಗೆ ಹಿಡಿದು ಯಾವುದೇ ತೊಲೆಯತ್ತ ತಿರುಗಿದರೆ ಅದಕ್ಕೊಂದು ಬಣ್ಣ ಏರುತ್ತದೆ. ನೆಲ ಮುಟ್ಟಿದ್ದು ನೀಲಿ. ಅದರ ಆಸರೆಯಲ್ಲಿ ನಿಂತದ್ದು ಹಸಿರು. ನೆಲದಿಂದ ದೂರ ಸರಿದಂತೆ ಹಳದಿ, ಕಿತ್ತಳೆ, ಕೊನೆಗೆ ಕೆಂಪು. ಕೆಂಪಿನ ಆಚೆಗೆ ಇನ್ನೊಂದು ಹಲಗೆ ಜೋಡಿಸಿ ನೋಡಿ, ಪಟ್ಟನೆ ಒಡೆದು ನೀರಿಗೆ ಬೀಳುತ್ತದೆ.

ಇಲ್ಲೊಂದು ತಮಾಷೆಯಿದೆ. ಈ ಆಟದಲ್ಲಿ ಭಾರ ಎಂಬುದೇ ಇಲ್ಲ. ಸೇತುವೆಯ ಮೇಲೆ ನೂರು ಪೆಟ್ಟಿಗೆ ಪೇರಿಸಿದರೂ ತೊಲೆ ಹಳದಿಯಿಂದ ಕಿತ್ತಳೆಗೆ ಇಳಿಯುವುದಿಲ್ಲ. ಲೆಕ್ಕಕ್ಕೆ ಬರುವುದು ನೆಲಕ್ಕೂ ತೊಲೆಗೂ ನಡುವಿನ ದಾರಿ ಎಷ್ಟು ಉದ್ದ, ಆ ದಾರಿ ಯಾವ ವಸ್ತುವಿನದು ಎಂಬುದಷ್ಟೇ. ನೇರ ಮೇಲಕ್ಕೆ ಹೋದರೆ ಆಸರೆ ನಿಧಾನವಾಗಿ ಕರಗುತ್ತದೆ, ಅಡ್ಡ ಚಾಚಿದರೆ ಬೇಗ. ಮಾಮೂಲಿ ಮರಕ್ಕಿಂತ ಗಟ್ಟಿ ಕಾಂಡದ ಕಂಬ ಹೆಚ್ಚು ದೂರ ಒಯ್ಯುತ್ತದೆ. ಕಲ್ಲು ಎತ್ತರಕ್ಕೆ ಗಂಡೆದೆ, ಅಡ್ಡಕ್ಕೆ ಪುಕ್ಕಲು.

ನೋಡಲೇಬೇಕಾದ ಗಳಿಗೆ ಹೊಳೆಯ ನಡುವೆ ಬರುತ್ತದೆ. ದಡದಿಂದ ಚಾಚಿದ ಹಲಗೆಗಳು ಕಿತ್ತಳೆಗೆ ತಿರುಗಿವೆ, ಮುಂದೆ ಹೆಜ್ಜೆಯಿಡುವ ಹಾಗಿಲ್ಲ. ಆಗ ಅನುಭವಿ ಆಟಗಾರ ಮುಂದಕ್ಕೆ ಕಟ್ಟುವುದನ್ನು ಬಿಟ್ಟು ಕೆಳಕ್ಕೆ ಕಟ್ಟತೊಡಗುತ್ತಾನೆ. ಹಲಗೆಯ ಅಡಿಗೆ ಒಂದು ಕಂಬ, ಅದರ ಅಡಿಗೆ ಇನ್ನೊಂದು. ಎಲ್ಲವೂ ಕೆಂಪು, ಎಲ್ಲವೂ ಉಸಿರು ಬಿಗಿಹಿಡಿದಂತೆ. ನೀರೊಳಗೆ ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಅಂದಾಜಿನಲ್ಲಿ ಕೊನೆಯ ಕಂಬ ಇಳಿಸುತ್ತಾನೆ. ಅದು ಹೊಳೆಯ ತಳ ಮುಟ್ಟಿದ್ದೇ ತಡ, ಬುಡ ನೀಲಿಯಾಗುತ್ತದೆ. ಅದರ ಮೇಲಿನದು ಹಸಿರು, ಅಷ್ಟರವರೆಗೆ ಜೋತುಬಿದ್ದಿದ್ದ ಹಲಗೆಯೂ ಚೇತರಿಸಿಕೊಳ್ಳುತ್ತದೆ. ಮೇಲಿನಿಂದ ನೇತಾಡುತ್ತಿದ್ದ ಕಂಬ ಈಗ ಮೇಲಿನದನ್ನೇ ಹೊತ್ತಿದೆ. ಇದನ್ನು ಕಂಡೂ ಕುರ್ಚಿಯ ಹಿಂದೆ ನಿಂತವರ ಮುಖ ಅರಳದಿದ್ದರೆ ಅವರು ಹೋಗಿ ಮಲಗಬಹುದು.

ಕಟ್ಟಿ ಮುಗಿದ ಮೇಲೆ ಸೇತುವೆಯ ಬೆಲೆ ಕಟ್ಟುವುದು ಹೇಗೆ? ಮೇಲಿನ ಕಟಕಟೆ, ದೀಪ, ಬಾವುಟ ನೋಡಿ ಮರುಳಾಗಬಾರದು. ನೀರಿಗಿಳಿದು ಅಡಿಯಿಂದ ನೋಡಬೇಕು. ಕಂಬಗಳು ಒಂದು ಲಯದಲ್ಲಿ ಬರುತ್ತಿವೆಯೇ, ಇಲ್ಲ ಬಿದ್ದಾಗಲೆಲ್ಲ ತೇಪೆ ಹಾಕಿದಂತಿವೆಯೇ? ನಡುವೆ ಹಡಗು ನುಸುಳುವಷ್ಟು ಜಾಗ ಬಿಟ್ಟಿದ್ದಾರೆಯೇ? ಅತಿ ಆಸೆಯಿಂದ ಕಟ್ಟಿದ ಎಷ್ಟೋ ಸೇತುವೆಗಳು ತಮ್ಮದೇ ಹಡಗಿನ ಪಟಸ್ತಂಭಕ್ಕೆ ಅಡ್ಡ ಬಂದು, ಕಟ್ಟಿದವರ ಕೈಯಲ್ಲೇ ಕೆಡವಿಸಿಕೊಂಡಿವೆ. ಕಂಬವಿಲ್ಲದೆ ಅಗಲ ದಾಟಿದ್ದು ಕಂಡರೆ ಒಳಗೆ ಕಬ್ಬಿಣದ ಕಟ್ಟಿನ ತೊಲೆಯಿದೆ ಎಂದು ತಿಳಿಯಿರಿ. ಆಟದ ಮಾಮೂಲಿ ನಿಯಮದಲ್ಲಿ ಕಬ್ಬಿಣವನ್ನು ಸಾಧಾರಣ ಮಾಯಾದ್ವಾರದಲ್ಲಿ ಸಾಗಿಸುವಂತಿಲ್ಲ. ಜೌಗು ನೆಲದ ಗೋರಿಗಳಲ್ಲಿ ಅಗೆದು, ಗಾಡಿಗೋ ಹಡಗಿಗೋ ಹೇರಿ ತರಬೇಕು. ಆ ತೊಲೆಗೆ ಅರ್ಧ ಶಾಲು ಹೊದಿಸಿದರೂ ತಪ್ಪಿಲ್ಲ.

ಭಾರವೇ ಇಲ್ಲದ ಲೋಕ ಸಪ್ಪೆ ಅನ್ನಿಸಿದವರಿಗೆ ಅಮೆರಿಕದ ‘ಸೆವೆನ್ ಡೇಸ್ ಟು ಡೈ’ ಇದೆ. ಅಲ್ಲಿ ಪ್ರತಿ ಇಟ್ಟಿಗೆಗೂ ತೂಕವುಂಟು, ಅಡ್ಡಕ್ಕೆ ಇಷ್ಟೇ ಹೊರಬಲ್ಲೆನೆಂಬ ಮಿತಿಯುಂಟು. ಗಟ್ಟಿಯಾಗಲಿ ಎಂದು ಸೇತುವೆಯನ್ನು ದಪ್ಪ ಮಾಡಿದಷ್ಟೂ ಅದು ತನ್ನ ಮೈಭಾರಕ್ಕೇ ಕುಸಿಯುವ ಅಪಾಯ. ಸಾಲದ್ದಕ್ಕೆ ಏಳು ದಿನಕ್ಕೊಮ್ಮೆ ಹೆಣಗಳ ದಂಡು ಬಂದು ಕಂಬದ ಬುಡ ಕುಟ್ಟುತ್ತದೆ. ‘ಮೈನ್‌ಕ್ರಾಫ್ಟ್’ ಇದರ ತದ್ವಿರುದ್ಧ: ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಇಟ್ಟಿಗೆ ಇಟ್ಟಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ. ಅಲ್ಲಿನ ಸೇತುವೆಗಳಲ್ಲಿ ಚೆಲುವಿದೆ, ಎದೆಬಡಿತವಿಲ್ಲ.

ಕಣ್ಣು ಪಳಗಿಸಿಕೊಳ್ಳಲು ಪರದೆಯೇ ಬೇಕೆಂದಿಲ್ಲ. ಎಂ.ಜಿ. ರಸ್ತೆಯಿಂದ ಹಲಸೂರು, ಇಂದಿರಾನಗರ ಹಾದು ಬೈಯಪ್ಪನಹಳ್ಳಿವರೆಗಿನ ನಮ್ಮ ಮೆಟ್ರೊದ ಮೊದಲ ದಾರಿ ತೆರೆದದ್ದು 2011ರ ಅಕ್ಟೋಬರ್ 20ರಂದು. ಕಂಬ, ತೊಲೆ, ಕಂಬ, ತೊಲೆ: ವಾಲ್‌ಹೈಮ್ ಕಲಿಯುವ ಹುಡುಗನ ಮೊದಲ ಪಾಠವೇ ಅದು. ಮುಂದೆ ವೈಟ್‌ಫೀಲ್ಡ್ ಕಡೆಯಿಂದ ಕೆ.ಆರ್. ಪುರದವರೆಗಿನ ದಾರಿ 2023ರ ಮಾರ್ಚ್‌ನಲ್ಲಿ ತೆರೆಯಿತು. ಆದರೆ ನಡುವಿನ ಒಂದು ತುಂಡು ಕೂಡಿರಲಿಲ್ಲ. ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ರೈಲು ಹಳಿ ದಾಟಬೇಕಿತ್ತು. ಕಂಬ ಊರಲು ಮನಸ್ಸು ಬಂದಲ್ಲಿ ಜಾಗವಿಲ್ಲ. ಉಕ್ಕಿನ ಜಾಲರಿ ತೊಲೆಯನ್ನು ಹಳಿಗಳ ಮೇಲಿಂದ ದಾಟಿಸಿ, ಎರಡು ತುದಿ ಕೂಡಿ ರೈಲು ಓಡಿದ್ದು ಅದೇ ವರ್ಷದ ಅಕ್ಟೋಬರ್ 9ರಂದು. ಅಲ್ಲಿಯವರೆಗೆ ಜನ ಇಳಿದು, ಬಸ್ ಹತ್ತಿ, ಮತ್ತೆ ಮೆಟ್ರೊ ಹತ್ತಿದರು. ಕಿತ್ತಳೆ ಬಣ್ಣದ ಹಲಗೆಯ ತುದಿಯಲ್ಲಿ ನಿಂತವನ ಪಾಡು ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಂಥದೇ ಹಳಿಗಳನ್ನು ದಾಟಲು ಇಪ್ಪತ್ತು ವರ್ಷ ಮೊದಲೇ, 2003ರಲ್ಲಿ, ರಸ್ತೆ ಕಂಡುಕೊಂಡ ಉಪಾಯ ಬೇರೆ. ಊರವರು ‘ಹ್ಯಾಂಗಿಂಗ್ ಬ್ರಿಡ್ಜ್’ ಎನ್ನುವ ಕೆ.ಆರ್. ಪುರದ ಸೇತುವೆ ಅದು. ಕೆಳಗಿನಿಂದ ಹೊರಲಾಗದ್ದನ್ನು ಮೇಲಿನಿಂದ ಎತ್ತಿ ಹಿಡಿದಿದ್ದಾರೆ. ಎತ್ತರದ ಕಂಬದಿಂದ ಓರೆಯಾಗಿ ಇಳಿದ ಕೇಬಲ್‌ಗಳು ನೇರವಾಗಿ ರಸ್ತೆಯ ತೊಲೆಗೇ ಬಿಗಿದಿವೆ. ಹಾಗಾಗಿ ಪಂಡಿತರು ಅದನ್ನು ತೂಗುಸೇತುವೆ ಎಂದು ಒಪ್ಪುವುದಿಲ್ಲ. ಅಸಲಿ ತೂಗುಸೇತುವೆ ನೋಡಬೇಕೆಂದರೆ ಸುಳ್ಯದ ಕಡೆ ಹೋಗಬೇಕು. ಗಿರೀಶ್ ಭಾರದ್ವಾಜ್ 1989ರಲ್ಲಿ ಅಲ್ಲಿ ಪಯಸ್ವಿನಿ ಹೊಳೆಗೆ ಕಾಲುಸೇತುವೆ ಕಟ್ಟಿದರು. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವುಗಳಲ್ಲಿ ಜೋತುಬಿದ್ದ ಹಗ್ಗವೇ ಯಜಮಾನ, ನಡೆಯುವ ಹಲಗೆ ಅದಕ್ಕೆ ನೇತುಬಿದ್ದ ನೆಂಟ.

ಮೇಲಿನಿಂದ ಎತ್ತಿ ಹಿಡಿಯುವ ಈ ಉಪಾಯ ವಾಲ್‌ಹೈಮಿನಲ್ಲೂ ನಡೆಯುತ್ತದೆ. ಆಸರೆ ಕೆಳಗಿನಿಂದಲೇ ಬರಬೇಕೆಂದು ಆ ಆಟ ಹಟ ಹಿಡಿಯುವುದಿಲ್ಲ. ದಡದಲ್ಲಿ ಎತ್ತರದ ಕಂಬ ನಿಲ್ಲಿಸಿ, ಅದರ ತಲೆಯಿಂದ ಓರೆ ತೊಲೆ ಇಳಿಸಿ ಹಲಗೆಗೆ ತಾಗಿಸಿದರೂ ಬಣ್ಣ ಸುಧಾರಿಸಬಹುದು. ಮನೆಯ ಹುಡುಗ ಇದನ್ನು ಇನ್ನೂ ಕಂಡುಕೊಂಡಿಲ್ಲವಾದರೆ ಭಾನುವಾರ ಅವನನ್ನು ಇಂದಿರಾನಗರದಲ್ಲಿ ಪರ್ಪಲ್ ಲೈನ್ ಮೆಟ್ರೊ ಹತ್ತಿಸಿ. ಬೆನ್ನಿಗಾನಹಳ್ಳಿ ದಾಟಿದ ಮೇಲೆ ಮೊಬೈಲ್ ಜೇಬಿಗಿಳಿಸಲು ಹೇಳಿ, ಕೆ.ಆರ್. ಪುರದಲ್ಲಿ ಇಳಿದು ಆ ಸೇತುವೆಯ ಅಡಿಗೆ ಕರೆದೊಯ್ಯಿರಿ. ಯಾವ ತೊಲೆ ಯಾವ ಬಣ್ಣವೆಂದು ಅವನೇ ಬೆರಳು ತೋರಿಸಿ ಹೇಳಲಿ.