ಕ್ರ್ಯಾಗ್ಸ್‌ಮನ್ ಮತ್ತು ಕೊನೆಗಾರ

ವಾಲ್ಟರ್ ಸ್ಕಾಟ್‌ನ 'ದಿ ಆಂಟಿಕ್ವೆರಿ' ಓದುವಾಗ ನಾನು ಸಿಕ್ಕಿಹಾಕಿಕೊಂಡಿದ್ದು ಕಥೆಯಲ್ಲಲ್ಲ, ಒಂದು ಪದದಲ್ಲಿ. 1816ರ ಕಾದಂಬರಿ. ಒಬ್ಬ ಜಮೀನ್ದಾರ, ಅವನ ಮಗಳು, ಜೊತೆಗೊಬ್ಬ ಮುದಿ ಭಿಕ್ಷುಕ ಸಮುದ್ರದ ಉಬ್ಬರಕ್ಕೆ ಸಿಕ್ಕಿ ಕಡಿದಾದ ಬಂಡೆಗಳ ಕೆಳಗೆ ನಿಂತಿದ್ದಾರೆ. ಹರೆಯದಲ್ಲಿ ತಾನು ಗಟ್ಟಿ ಕ್ರೇಗ್ಸ್‌ಮನ್ ಆಗಿದ್ದೆ, ಇದೇ ಬಂಡೆಗಳಲ್ಲಿ ಎಷ್ಟೋ ಹಕ್ಕಿಗೂಡು ಸೂರೆ ಮಾಡಿದ್ದೆ, ಈಗ ಕಣ್ಣೂ ಇಲ್ಲ ಹಿಡಿತವೂ ಇಲ್ಲ ಅಂತ ಆ ಭಿಕ್ಷುಕ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಇದೇ ಪದ ಕ್ರ್ಯಾಗ್ಸ್‌ಮನ್. ಕ್ರ್ಯಾಗ್ ಅಂದರೆ ನಮ್ಮ ಕೋಡುಗಲ್ಲಿನ ಥರದ ಬಂಡೆ. ನಿಘಂಟು ತೆಗೆದರೆ ಒಂದೇ ಸಾಲು: ಬಂಡೆ ಹತ್ತುವುದರಲ್ಲಿ ನುರಿತವನು.

ಅರ್ಥ ತಪ್ಪಲ್ಲ. ಆದರೆ ಸ್ಕಾಟ್‌ನ ಭಿಕ್ಷುಕ ಹೇಳಿದ್ದರಲ್ಲಿ ಹಕ್ಕಿಗೂಡು ಇತ್ತು, ನಿಘಂಟಿನಲ್ಲಿ ಅದು ಹಾರಿಹೋಗಿದೆ. ನನ್ನ ತಕರಾರು ಅಷ್ಟೇ.

ಹಕ್ಕಿ ಯಾಕೆ ಮುಖ್ಯ ಅಂತ ಗೊತ್ತಾಗಬೇಕಾದರೆ ಸೇಂಟ್ ಕಿಲ್ಡಾಗೆ ಹೋಗಬೇಕು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ನಡುವೆ ಇರುವ ಸಣ್ಣ ದ್ವೀಪಗಳ ಗುಂಪು. ಸುತ್ತಲೂ ಸಮುದ್ರವಿದ್ದರೂ ಅಲ್ಲಿಯವರ ಹೊಟ್ಟೆ ತುಂಬಿಸಿದ್ದು ಮೀನಿಗಿಂತ ಹೆಚ್ಚಾಗಿ ಕಡಲಹಕ್ಕಿ: ಗ್ಯಾನೆಟ್, ಫುಲ್ಮರ್, ಪಫಿನ್. ಗಂಡಸರು ಬರಿಗಾಲಲ್ಲಿ, ಹಗ್ಗ ಕಟ್ಟಿಕೊಂಡು ಬಂಡೆಗೆ ಇಳಿಯುತ್ತಿದ್ದರು. ಮಾಂಸವನ್ನು ಕಲ್ಲಿನ ಗೂಡುಗಳಲ್ಲಿ ಒಣಗಿಸಿಡುವುದು, ಫುಲ್ಮರ್ ಎಣ್ಣೆಯಿಂದ ದೀಪ ಉರಿಸುವುದು, ಗರಿಯನ್ನು ಧಣಿಗೆ ಗೇಣಿಯಾಗಿ ಅಳೆಯುವುದು. ಗೇಣಿಗೆ ಗರಿ! 1697ರಲ್ಲಿ ಅಲ್ಲಿಗೆ ಹೋಗಿದ್ದ ಮಾರ್ಟಿನ್ ಮಾರ್ಟಿನ್ ಎಂಬಾತ (ಹೌದು, ಹೆಸರೇ ಹಾಗೆ) ಒಂದು ಕಲ್ಲಿನ ವಿಷಯ ಬರೆದಿದ್ದಾನೆ. ಮದುವೆಯಾಗಬೇಕೆನ್ನುವ ಹುಡುಗ ಪ್ರಪಾತದ ಅಂಚಿನ ಆ ಕಲ್ಲಿನ ಮೇಲೆ ಒಂಟಿ ಕಾಲಲ್ಲಿ ನಿಂತು ಬಗ್ಗಿ ತೋರಿಸಬೇಕಿತ್ತಂತೆ. ಬಂಡೆಯಲ್ಲಿ ಕಾಲು ನಿಲ್ಲದವನು ಹೆಂಡತಿ ಮಕ್ಕಳನ್ನು ಹೇಗೆ ಸಾಕುತ್ತಾನೆ ಅನ್ನೋದು ಲೆಕ್ಕಾಚಾರ.

1930ರ ಆಗಸ್ಟ್ 29ರಂದು ಉಳಿದಿದ್ದ 36 ಜನರೂ ದ್ವೀಪ ಬಿಟ್ಟರು. ಹಲವರಿಗೆ ಸರ್ಕಾರ ಕೊಟ್ಟಿದ್ದು ಅರಣ್ಯ ಇಲಾಖೆಯ ಕೆಲಸ, ಅದೂ ಮರವೇ ಇಲ್ಲದ ದ್ವೀಪದಿಂದ ಬಂದವರಿಗೆ. ಇನ್ನೊಂದು ವಿಷಯ, ಅವರು ಆಡುತ್ತಿದ್ದುದು ಗೇಲಿಕ್. ಕ್ರ್ಯಾಗ್ಸ್‌ಮನ್ ಅನ್ನೋದು ದೋಣಿಯಲ್ಲಿ ಬಂದು ನೋಡಿ ಬೆರಗಾಗಿ ಹೋದವರು ಅವರಿಗೆ ಇಟ್ಟ ಹೆಸರು.

ಪದ ಕೈ ಬದಲಾಗಿದ್ದು ಆಮೇಲೆ. 1886ರಲ್ಲಿ ಹ್ಯಾಸ್ಕೆಟ್ ಸ್ಮಿತ್ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ನೇಪ್ಸ್ ನೀಡಲ್ ಎಂಬ ಸೂಜಿಯಂಥ ಬಂಡೆಯನ್ನು ಒಬ್ಬನೇ ಹತ್ತಿ ಇಳಿದ. ಬ್ರಿಟನ್ನಿನಲ್ಲಿ ಬಂಡೆ ಹತ್ತುವುದು ಆಟವಾಗಿದ್ದು ಅಲ್ಲಿಂದ ಅಂತ ಹೇಳುವ ರೂಢಿ ಇದೆ. ಮೇಲೆ ಮೊಟ್ಟೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆ ಕಾಲದ ಓದುಬಲ್ಲ ಸಜ್ಜನರು ತಮ್ಮನ್ನೂ ಕ್ರ್ಯಾಗ್ಸ್‌ಮನ್ ಅಂತ ಕರೆದುಕೊಂಡರು. ಕೊನೆಗೆ ಕ್ಲೈಂಬರ್ ಬಂದು ಇಬ್ಬರನ್ನೂ ಬದಿಗೆ ಸರಿಸಿತು.

ಕನ್ನಡಕ್ಕೆ ಹೇಗೆ ತರೋದು? ಪತ್ರಿಕೆಗಳ 'ಪರ್ವತಾರೋಹಿ' ಹಿಮ, ಆಕ್ಸಿಜನ್, ಬಾವುಟ ಎಲ್ಲ ಹೊತ್ತು ಬರುತ್ತದೆ. 'ಶಿಲಾರೋಹಿ' ಕೇಳಿದರೆ ಯಾವುದೋ ಸಸ್ಯದ ಹೆಸರಿನ ಹಾಗಿದೆ. 'ಬಂಡೆಗಾರ' ಅಂದರೆ ಕ್ವಾರಿ ಓನರ್ ಅಂದುಕೊಳ್ಳುತ್ತಾರೆ. ಆದರೆ ಆ 'ಗಾರ' ಬಿಡೋಕೆ ನನಗೆ ಮನಸ್ಸಿಲ್ಲ. ಮೀನುಗಾರ, ಬೇಟೆಗಾರ: ಅದರಲ್ಲಿ ಕುಶಲತೆಯೂ ಇದೆ, ಊಟವೂ ಇದೆ.

ನಮ್ಮ ಮಲೆನಾಡಲ್ಲಿ ಸರಿಸಮ ಪದ ಇದೆ, ಬಂಡೆಗಲ್ಲ, ಅಡಿಕೆ ಮರಕ್ಕೆ. ಕೊನೆಗಾರ. ಅವನನ್ನು ಯಾರೂ 'ಮರ ಹತ್ತುವವನು' ಅನ್ನುವುದಿಲ್ಲ. ಹತ್ತುವುದು ಹೇಗೂ ಇದ್ದದ್ದೇ, ಹೆಸರು ಬಂದಿದ್ದು ಮೇಲಿಂದ ಇಳಿಸುವ ಅಡಿಕೆ ಕೊನೆಯಿಂದ. ಮಳೆಗಾಲಕ್ಕೆ ಮೊದಲು ಬೋರ್ಡೋ ಮದ್ದು ಹೊಡೆಯಲೂ ಅವನೇ ಬೇಕು. ಒಂದು ಮರದ ತುದಿಯಿಂದ ತೂಗಿ ಪಕ್ಕದ ಮರ ಹಿಡಿದು ದಾಟುವುದನ್ನು ನೋಡುತ್ತಾ ನಾವು ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆವು. ಈಗ ಊರೂರಲ್ಲಿ ಕೊನೆಗಾರರಿಲ್ಲ. ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬಂದದ್ದು ಒಳ್ಳೆಯದೇ. ಬಿದ್ದು ಸೊಂಟ ಹೋದವರನ್ನು ನೋಡಿದವರಾರೂ ಅದನ್ನು ಹಳಿಯಲಾರರು. ಆದರೆ ಮುಂದೊಂದು ದಿನ ನಿಘಂಟಿನವರು 'ಕೊನೆಗಾರ: ಮರ ಹತ್ತುವುದರಲ್ಲಿ ನುರಿತವನು' ಅಂತ ಬರೆದು ಕೈತೊಳೆದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಅಡಿಕೆ ಎಲ್ಲಿ ಹೋಯಿತು ಮಾರಾಯರೇ?

ಹೋದ ವರ್ಷ ಆಫೀಸಿನವರ ಜೊತೆ ರಾಮನಗರದಲ್ಲಿ ಬಂಡೆ ಹತ್ತಿದ್ದೆ. ಹೆಲ್ಮೆಟ್, ಹಾರ್ನೆಸ್, ಮೇಲಿಂದ ಹಗ್ಗ, ಕೆಳಗೆ ಹಿಡಿಯೋಕೆ ಇನ್‌ಸ್ಟ್ರಕ್ಟರ್. ಊರಿಗೆ ಹೋದಾಗ ನಮ್ಮ ತೋಟದ ಹಳೇ ಕೊನೆಗಾರನಿಗೆ ಮೊಬೈಲಲ್ಲಿ ಫೋಟೋ ತೋರಿಸಿದೆ. ಹಗ್ಗದ ಗಂಟನ್ನು ದೊಡ್ಡದು ಮಾಡಿ ನೋಡಿದ, ಸರಿ ಇದೆ ಅಂದ. ಆಮೇಲೆ, "ಮೇಲೆ ಎಂತ ಇತ್ತು?" ಅಂತ ಕೇಳಿದ.

ಏನಿಲ್ಲ ಅಂದೆ. ಹತ್ತಿದ್ದಕ್ಕೆ ಎಷ್ಟು ಕೊಟ್ಟರು ಅಂತ ಕೇಳಿದ. ನಾನೇ ದುಡ್ಡು ಕೊಟ್ಟಿದ್ದು ಅಂತ ಹೇಳೋಕೆ ಸ್ವಲ್ಪ ಹೊತ್ತು ಹಿಡಿಯಿತು.